ಎಲೆಗೆ ಅಡ್ಡ ಹಿಡಿದ ಕೈ

ತ್ರಿವಿಕ್ರಮ ಬಾಯರಿಯವರ ಹೋಟೆಲಿನ ಸಾಂಬಾರಿಗೆ ಎರಡು ವರ್ಷದಿಂದ ಉಪ್ಪಿನ ಹದ ತಪ್ಪಿತ್ತು. ಒಂದು ದಿನ ಸಪ್ಪೆ, ಇನ್ನೊಂದು ದಿನ ಬಾಯಿಗಿಡಲಾಗದಷ್ಟು ಉಪ್ಪು. ಇದನ್ನು ಅವರ ಮುಖಕ್ಕೇ ಹೇಳಿದವಳು ನಾನೊಬ್ಬಳೇ. ಕಲ್ಕತ್ತೆಯ ಕಸ್ಬಾದ ನಮ್ಮ ಗಲ್ಲಿಯಲ್ಲಿ ಉಳಿದವರೆಲ್ಲ ಬಂಗಾಳಿಗಳು. ದೋಸೆ ಗರಿಗರಿಯಾಗಿದ್ದರೆ ಅವರಿಗೆ ಸಾಕು, ಸಾಂಬಾರು ಹೇಗಿದ್ದರೂ ಕುಡಿದು ಬಾಯಿ ಒರೆಸಿಕೊಂಡು ಹೋಗುತ್ತಾರೆ. ನಾನು ಧಾರವಾಡದವಳು, ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವಳು, ಮನಸ್ಸಿಗೆ ಬಂದದ್ದನ್ನು ಒಳಗಿಟ್ಟುಕೊಂಡು ಅಭ್ಯಾಸವಿಲ್ಲ.

"ಉಪ್ಪು ಜಾಸ್ತಿ ಆಗೇದ್ರೀ ಬಾಯ್ರಿ" ಎಂದರೆ ಅವರು ಹೆಗಲ ಮೇಲಿನ ಬೈರಾಸದಿಂದ ಕೈ ಒರೆಸಿಕೊಳ್ಳುತ್ತ ಬಂದು, ನನ್ನ ತಟ್ಟೆಯನ್ನೊಮ್ಮೆ ನೋಡಿ, ತಣ್ಣಗೆ ಒಂದೇ ಉತ್ತರ ಕೊಡುತ್ತಿದ್ದರು. "ನಿಬಾರಣ್‌ದಾ ನೋಡಿ ಹೇಳಿದ್ದಾರಲ್ಲ ಟೀಚ್ರೇ, ಸರಿ ಉಂಟು ಅಂತ."

ನಿಬಾರಣ್‌ದಾ ಅಂದರೆ ಸುಪ್ರೀಂ ಕೋರ್ಟು. ಅಲ್ಲಿಂದ ಮುಂದೆ ಅಪೀಲಿಲ್ಲ. ನಾನು ಗೊಣಗುತ್ತ ಮೊಸರನ್ನ ತರಿಸಿಕೊಳ್ಳುತ್ತಿದ್ದೆ.

ಬಾಯರಿಯವರ ಬಗ್ಗೆ ಹೇಳಬೇಕಾದರೆ ಮೊದಲು ಈ ಉಪ್ಪಿನ ವಿಷಯವನ್ನೇ ಬಿಡಿಸಿ ಹೇಳಬೇಕು. ಅವರು ಉಡುಪಿಯ ಒಂದು ಮಠದ ಅಡುಗೆಮನೆಯಲ್ಲಿ ಕೈ ಪಳಗಿಸಿಕೊಂಡವರು. ಅಲ್ಲಿ ನೈವೇದ್ಯ ಆಗುವ ಮೊದಲು ಅಡುಗೆಯವನು ರುಚಿ ನೋಡುವಂತಿಲ್ಲ. ಮೂಸುವುದೂ ತಪ್ಪೇ ಅಂತೆ, ಆದರೆ ಮೂಗಿಗೆ ತಾನಾಗಿ ಬಂದು ಬಿದ್ದ ವಾಸನೆಗೆ ಯಾರೂ ಏನೂ ಮಾಡಲಾಗುವುದಿಲ್ಲವಲ್ಲ. ಆವಿ ಏಳುವ ಕೊಪ್ಪರಿಗೆಯ ಪಕ್ಕ ನಿಂತು, ಸೌಟಿನಿಂದ ಒಮ್ಮೆ ಎತ್ತಿ ಹೊಯ್ದು, ಬೀಳುವ ಧಾರೆಯ ದಪ್ಪ ನೋಡಿ, ಆ ವಾಸನೆ ಹಿಡಿದು, ಅಂದಾಜಿನಲ್ಲಿ ಉಪ್ಪು ಹಾಕುವುದು. ಇಪ್ಪತ್ತರ ವಯಸ್ಸಿನಲ್ಲಿ ಕಲ್ಕತ್ತೆಗೆ ಬಂದು ಗರಿಯಾಹಾಟ್ ಕಡೆಯ ಹೋಟೆಲುಗಳಲ್ಲಿ ದುಡಿದು, ಮದುವೆಯಾದ ಮೇಲೆ ಕಸ್ಬಾದಲ್ಲಿ ಸ್ವಂತ ಹೋಟೆಲು ಹಾಕಿದರೂ ಆ ಅಭ್ಯಾಸ ಅವರನ್ನು ಬಿಡಲಿಲ್ಲ. ಒಲೆಯ ಪಕ್ಕದ ಗೂಡಿನಲ್ಲಿ ಕೃಷ್ಣನ ಪಟ. ಮೊದಲ ಸೌಟು ಅವನಿಗೆ. ಆಮೇಲಾದರೂ ತಾವು ಬಾಯಿಗೆ ಹಾಕಿ ನೋಡಬಹುದಿತ್ತು, ಹಾಕುತ್ತಿರಲಿಲ್ಲ. ಎಲ್ಲರ ಊಟ ಮುಗಿದು, ಮಧ್ಯಾಹ್ನ ಇಳಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಕೂತು ಉಂಡಾಗಲೇ ಅವರಿಗೆ ತಮ್ಮ ಅಡುಗೆಯ ರುಚಿ ಗೊತ್ತಾಗುವುದು.

"ಪರೀಕ್ಷೆ ಬರೆದು ಬಂದ ಮೇಲೆ ಪುಸ್ತಕ ತೆಗೆದ ಹಾಗೆ ಇವರದ್ದು" ಎಂದು ಗಲ್ಲೆಯಲ್ಲಿ ಕೂತ ಅವರ ಹೆಂಡತಿ ರುಕ್ಮಿಣಿ ನಗುತ್ತಿದ್ದಳು.

ಈ ತಾಪತ್ರಯಕ್ಕೆ ಪರಿಹಾರವಾಗಿ ಬಂದವರೇ ನಿಬಾರಣ್ ಸಮಾದ್ದಾರ್, ಬಾಯರಿಯವರ ಬಾಯಲ್ಲಿ ನಿಬಾರಣ್‌ದಾ, ಅಂದರೆ ನಿಬಾರಣ್ ಅಣ್ಣ. ಗರಿಯಾಹಾಟ್ ಡಿಪೋದ ಟ್ರಾಮ್ ಕಂಡಕ್ಟರ್ ಆಗಿದ್ದವರು, ನಮ್ಮ ಗಲ್ಲಿಯ ಕೊನೆಯ ಮನೆಯವರು. ಹೋಟೆಲು ಶುರುವಾದ ವರ್ಷ, ವಿಜಯದಶಮಿಯ ಬೆಳಿಗ್ಗೆ, ಒಂದು ಪೊಟ್ಟಣ ಹಿಡಿದು ಒಳಗೆ ಬಂದರಂತೆ. ಇಲ್ಲಿ ದುರ್ಗಾಪೂಜೆಯ ಕೊನೆಯ ದಿನ ದೇವಿಯನ್ನು ಹೊಳೆಗೆ ಬಿಟ್ಟು ಬಂದ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡು, ಸಿಹಿ ತಿಂದು, ಸಿದ್ಧಿ ಕುಡಿಯುವ ಪದ್ಧತಿಯಿದೆ. ಸಿದ್ಧಿ ಅಂದರೆ ಭಂಗಿ ಸೊಪ್ಪನ್ನು ಅರೆದು ಹಾಲು, ಬಾದಾಮಿ, ಸೋಂಪು, ಮೆಣಸು ಹಾಕಿ ಮಾಡುವ ಶರಬತ್ತು. ವರ್ಷವಿಡೀ ಗಾಂಜಾ ಎಂದರೆ ಬೆಚ್ಚಿಬೀಳುವ ಮಡಿವಂತ ಮುದುಕಿಯರೂ ಆ ಸಂಜೆ ಅರ್ಧ ಲೋಟ ಕುಡಿದು ಬಾಯಿಗೆ ಸೆರಗು ಹಚ್ಚಿಕೊಂಡು ನಗುತ್ತಾರೆ. ಆ ವರ್ಷ ಪೂಜೆ ನಡೆಸುವ ಓಣಿಯ ಕ್ಲಬ್ಬಿನವರ ಅರೆಯುವ ಕಲ್ಲು ಒಡೆದಿತ್ತು. ಊರಿನಿಂದ ರೈಲಿನಲ್ಲಿ ಹೊತ್ತು ತಂದ ದೊಡ್ಡ ಕಲ್ಲು ಬಾಯರಿಯವರಲ್ಲಿತ್ತು.

ಹಬ್ಬದ ಕೆಲಸ, ದೇವರದ್ದು, ಎಂದು ಇವರು ಒಪ್ಪಿಕೊಂಡರು. ನೀರು ತಿಳಿಯಾಗುವ ತನಕ ಸೊಪ್ಪು ತೊಳೆದು, ಬೆಣ್ಣೆಯ ಹಾಗೆ ಅರೆದು, ಹಾಲಿನಲ್ಲಿ ಕಲಸಿ ಕೊಟ್ಟರು. ರುಚಿ ನೋಡು ಎಂದರೆ ನೋಡುವುದಿಲ್ಲ ಎಂದರು. ನೀನೆಂಥ ಅಡುಗೆಯವನಯ್ಯಾ ಎಂದು ನಿಬಾರಣ್ ಬಾಬು ಬೈದು, ತಾವೇ ಒಂದು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಿಂತು, "ಹೊಯೆಛೆ" ಎಂದರು. ಆಯಿತು, ಹದಕ್ಕೆ ಬಂತು ಎಂದು ಅರ್ಥ.

ಆ ಒಂದು ಮಾತು ಬಾಯರಿಯವರಿಗೆ ಎಷ್ಟು ಹಿಡಿಸಿತು ಅಂದರೆ, ಮಾರನೆಯ ಬೆಳಿಗ್ಗೆಯಿಂದಲೇ ಕೃಷ್ಣನ ನಂತರದ ಸೌಟು ನಿಬಾರಣ್ ಬಾಬುಗೆ. ಡ್ಯೂಟಿಗೆ ಹೋಗುವ ಮೊದಲು ಖಾಕಿ ಅಂಗಿ ತೊಟ್ಟು ಬಂದು ಸಾಂಬಾರು, ಚಟ್ನಿ ನೆಕ್ಕಿ, ಉಪ್ಪು ಬೇಕಾದರೆ ಬೆರಳು ಕುಣಿಸಿ, ಸರಿಯಿದ್ದರೆ "ಹೊಯೆಛೆ" ಅನ್ನುವುದು. ನಿವೃತ್ತಿಯಾದ ಮೇಲೆ ಅದೇ ಅವರ ಡ್ಯೂಟಿಯಾಯಿತು. ಇಬ್ಬರ ನಡುವೆ ಬೇರೆ ಮಾತುಕತೆಯೂ ಹೆಚ್ಚಿರಲಿಲ್ಲ. ಬಾಯರಿಯವರ ಬಂಗಾಳಿ ಕೇಳಿದರೆ ಬಂಗಾಳಿಗಳಿಗೆ ನಗು, ನಮಗೆ ಅಳು. ಆದರೂ ಈ ಇಬ್ಬರು ಗಂಡಸರು ದಿನಾ ಬೆಳಿಗ್ಗೆ ಒಲೆಯ ಬಳಿ ಒಂದಿಷ್ಟು ಹೊತ್ತು ಒಟ್ಟಿಗೆ ನಿಲ್ಲುವುದನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಷ್ಟು ಕಡಿಮೆ ಮಾತಿನ ಸ್ನೇಹ ನನ್ನ ಪಾಲಿಗೆ ಎಂದೂ ಬಂದಿಲ್ಲ.

ಎರಡು ವರ್ಷದ ಹಿಂದೆ ನಿಬಾರಣ್ ಬಾಬುಗೆ ದವಡೆಯೊಳಗೆ ಕ್ಯಾನ್ಸರ್ ಹುಣ್ಣಾಯಿತು. ಆಸ್ಪತ್ರೆಯಲ್ಲಿ ರೇಡಿಯೇಶನ್ನಿನ ಕರೆಂಟು ಕೊಡಿಸಿಕೊಂಡು, ಅರ್ಧಕ್ಕರ್ಧ ಇಳಿದು, ಮಗಳ ಹೆಗಲು ಹಿಡಿದು ಮನೆಗೆ ಬಂದರು. ಸ್ವಲ್ಪ ಚೇತರಿಸಿಕೊಂಡದ್ದೇ ಕೋಲೂರಿಕೊಂಡು ಮತ್ತೆ ಒಲೆಯ ಬಳಿ ಹಾಜರು. ಈ ವರ್ಷ ಮಳೆಗಾಲದಲ್ಲಿ ಹುಣ್ಣು ಮರುಕಳಿಸಿತು. ಇನ್ನು ಮಾಡುವಂಥದ್ದು ಹೆಚ್ಚೇನಿಲ್ಲ, ಮನೆಯಲ್ಲಿ ನೆಮ್ಮದಿಯಿಂದ ಇರಲಿ ಎಂದು ಡಾಕ್ಟರು ಮಗಳಿಗೆ ಹೇಳಿದ್ದರು. ಮಗಳು ರುಕ್ಮಿಣಿಗೆ ಹೇಳಿದಳು, ರುಕ್ಮಿಣಿ ಗಂಡನಿಗೆ ಹೇಳಿದಳು. ಬಾಯರಿಯವರು ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ಇಂಥ ಹೊತ್ತಿನಲ್ಲಿ ಪೊಲೀಸ್ ಠಾಣೆಯಿಂದ ಕ್ಲಬ್ಬಿಗೆ ಸೂಚನೆ ಬಂತು, ಈ ಸಲ ದಶಮಿಯಂದು ಸಿದ್ಧಿ ಹಂಚುವಂತಿಲ್ಲ. ಹಿಂದಿನ ವರ್ಷ ಪಕ್ಕದ ಓಣಿಯಲ್ಲಿ ಯಾರೋ ತಲೆಹರಟೆಗಳು ಶರಬತ್ತಿಗೆ ಮಾತ್ರೆ ಬೆರೆಸಿ, ಕಾಲೇಜು ಹುಡುಗರು ಆಸ್ಪತ್ರೆ ಸೇರಿದ್ದರು. ಪೊಲೀಸರದ್ದೂ ತಪ್ಪು ಎನ್ನಲಾಗದು.

ಕ್ಲಬ್ಬಿನವರು ಒಂದು ದಿನ ಗೊಣಗಿ, ಎರಡನೆಯ ದಿನ ಐಸ್‌ಕ್ರೀಮ್ ಹಂಚುವ ಯೋಜನೆ ಹಾಕಿದರು. ಸುಮ್ಮನಾಗದವರು ಬಾಯರಿ ಒಬ್ಬರೇ. ಲೈಸೆನ್ಸ್ ನವೀಕರಣಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತದ ಮನುಷ್ಯ, ಪಂಚೆಯ ಮೇಲೆ ಇಸ್ತ್ರಿ ಅಂಗಿ ತೊಟ್ಟು ಹೊರಟು ನಿಂತರು. ನಿಬಾರಣ್‌ದಾಗೆ ಇದು ಕೊನೆಯ ದಶಮಿ. ಆ ದಿನ ಅವರ ಕೈಗೆ ಚಮಚ ಕೊಡದೆ ಇರಲಿಕ್ಕೆ ತನ್ನಿಂದ ಆಗುವುದಿಲ್ಲ. ಇಷ್ಟೇ ಅವರ ವಾದ.

ಕಾನೂನು ಬಿಡಿಸಿ ಹೇಳಿದವಳು ಬಾಯರಿಯವರ ಮಗಳು ದೀಕ್ಷಾ. ಅಲಿಪುರದ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ಇಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಅವಳ ಕನ್ನಡದ ತಲೆ ಉಡುಪಿಯಲ್ಲಿ, ಬಾಲ ಬಾಲಿಗಂಜಿನಲ್ಲಿ. "ಅಪ್ಪ, ಲೀಫ್ ಗಾಂಜಾ ಅಲ್ಲ. ಹೂವು ಬರ್ತದಲ್ಲ ಟಾಪ್‌ನಲ್ಲಿ, ಅದು ಗಾಂಜಾ. ಎಲೆ ಮಾತ್ರ ಇದ್ರೆ ಸೆಂಟ್ರಲ್ ಲಾ ಅದನ್ನ ಟಚ್ ಮಾಡೋದಿಲ್ಲ, ಸ್ಟೇಟ್ ರೂಲ್ಸ್ ಮಾತ್ರ" ಎಂದಳು. ಅವಳ ಸ್ನೇಹಿತರ ಗುಂಪು ಇಡೀ ಗಾಂಜಾ ಕಾನೂನನ್ನೇ ತಿದ್ದಬೇಕೆಂದು ಸಹಿ ಸಂಗ್ರಹಿಸುತ್ತಿತ್ತು. ಹಿಮಾಚಲದಲ್ಲಿ ಬೆಳೆಯಲು ಬಿಡುವ ಮಾತು ನಡೆದಿದೆ, ಹೊರದೇಶಗಳಲ್ಲಿ ನೋವಿಗೆ ಔಷಧಿಯಾಗಿ ಕೊಡುತ್ತಾರೆ, ನಮ್ಮಲ್ಲಿ ಮಾತ್ರ ಒಂದು ಗಾಂಜಾ ಬೀಡಿ ಸಿಕ್ಕಿದ್ದಕ್ಕೆ ಬಡವರ ಮಕ್ಕಳು ಕೋರ್ಟು ಅಲೆಯುತ್ತಾರೆ ಎಂದು ಅವಳು ಬಿಸಿಯಾಗಿ ಮಾತಾಡುತ್ತಿದ್ದಳು. ಜನ ಬದಲಾಗಿದ್ದಾರೆ ಆಂಟಿ, ಸರ್ಕಾರ ಕೇಳಿಸಿಕೊಳ್ಳಲೇಬೇಕು, ಎಂದು ನನ್ನ ಮೇಲೂ ಏರಿ ಬಂದಳು.

ನಾನು ನಕ್ಕುಬಿಟ್ಟೆ. ಮೂವತ್ತು ವರ್ಷ ಸಾರ್ವಜನಿಕ ಅಭಿಪ್ರಾಯ ಎಂಬ ಅಧ್ಯಾಯ ಪಾಠ ಮಾಡಿದವಳು ನಾನು. ಚುನಾವಣೆ ಹತ್ತಿರ ಬಂದಾಗ ಬಿಟ್ಟರೆ ಸರ್ಕಾರಕ್ಕೆ ಕಿವಿ ಇರುವುದಿಲ್ಲ ಎಂದು ಅವಳ ಉತ್ಸಾಹಕ್ಕೆ ತಣ್ಣೀರು ಸುರಿದೆ.

ಆದರೆ ಚುನಾವಣೆ ನಿಜವಾಗಿಯೂ ಹತ್ತಿರವಿತ್ತು. ಬಾಯರಿಯವರು ಠಾಣೆಗೆ ಹೋಗಿ, ಅಲ್ಲಿಂದ ವಾರ್ಡಿನ ಕೌನ್ಸಿಲರ್ ಬಳಿ ಹೋಗಿ, ಕೈ ಮುಗಿದು ತಮ್ಮ ಮುರುಕು ಬಂಗಾಳಿಯಲ್ಲಿ ವಿಷಯ ಹೇಳಿದರು. ಕೌನ್ಸಿಲರ್ ಐವತ್ತರ ಆಸುಪಾಸಿನ ಹೆಂಗಸು, ಮಾತಿಗೆ ಮೊದಲು ನಗುವವರು. ಠಾಣಾಧಿಕಾರಿಗೆ ಫೋನು ಮಾಡಿದರು. ಅವರು ಒಂದು ದಾರಿ ಹೇಳಿದರಂತೆ: ಓಣಿಯ ಜನಕ್ಕೇ ಬೇಕಿದ್ದರೆ, ಪರವಾನಗಿ ಇದ್ದ ಅಂಗಡಿಯ ಸೊಪ್ಪೇ ಆದರೆ, ಒಬ್ಬರು ಹೊಣೆ ಹೊತ್ತು ತಾವೇ ಹಂಚಿದರೆ, ತಮ್ಮ ಅಡ್ಡಿಯಿಲ್ಲ. ಹಾಗಾದರೆ ಜನರನ್ನೇ ಕೇಳೋಣ, ಭಾನುವಾರ ಬೆಳಿಗ್ಗೆ ಕ್ಲಬ್ಬಿನಲ್ಲಿ ಸಭೆ, ಎಂದರು ಕೌನ್ಸಿಲರ್. ನಾನು ಸುರಿದ ತಣ್ಣೀರೆಲ್ಲ ಒಂದು ಫೋನಿನಲ್ಲಿ ಆವಿಯಾಯಿತು. ಬಾಯರಿ ಎದುರಿಗೆ ಬಂದಾಗ ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ.

ಅವರು ಓಡಿ ಹೋಗಿ ನಿಬಾರಣ್ ಬಾಬುಗೆ ಸುದ್ದಿ ಹೇಳಿದರು. ಕೇಳಿದವರು ಕಿಟಕಿಯ ಕಡೆ ತಿರುಗಿ ಕೂತರಂತೆ. ನೋವು ಜಾಸ್ತಿ ಇರಬೇಕು ಎಂದುಕೊಂಡೆ ನಾನು. ಬಾಯರಿ ಮಾತ್ರ ಅವತ್ತಿಡೀ ಏನೋ ಯೋಚನೆಯಲ್ಲಿದ್ದರು.

ಭಾನುವಾರ ಕ್ಲಬ್ಬಿನ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಅಜ್ಜಿಯರು, ಅತ್ತೆಯರು. ಅವರ ಹಿಂದೆ ಗಂಡಸರು. ಗೋಡೆಗೆ ಒರಗಿ ಕಾಲೇಜು ಮಕ್ಕಳು. ನಿಬಾರಣ್ ಬಾಬುವನ್ನು ಮಗಳು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದು ಬಾಗಿಲ ಬಳಿ ನಿಲ್ಲಿಸಿದಳು. ಕೌನ್ಸಿಲರ್ ಚೆನ್ನಾಗಿಯೇ ಮಾತಾಡಿದರು. ಸರ್ಕಾರ ಜನರ ಮೇಲೆ ಏನನ್ನೂ ಹೇರುವುದಿಲ್ಲ, ನೀವು ಹೇಳಿದಂತೆ ನಡೆಯುತ್ತೇವೆ ಎಂದರು. ಠಾಣಾಧಿಕಾರಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದರು.

"ಸಿದ್ಧಿ ಬೇಕು ಅನ್ನುವವರು ಕೈ ಎತ್ತಿ" ಎಂದು ಕೌನ್ಸಿಲರ್ ಕೇಳಿದರು.

ಒಂದು ಕೈಯೂ ಏಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅಲ್ಲಿದ್ದ ಒಂದೊಂದು ಮುಖವನ್ನೂ ನಾನು ದಶಮಿಯ ಸಂಜೆ ಲೋಟ ಹಿಡಿದು ನೋಡಿದವಳು. ಆದರೆ ಸೊಸೆಗೆ ಅತ್ತೆಯ ಎದುರು ಕೈ ಎತ್ತಲು ನಾಚಿಕೆ, ಅತ್ತೆಗೆ ಸೊಸೆಯ ಎದುರು. ಮಗನಿಗೆ ಅಪ್ಪ ನೋಡಿಯಾನು ಎಂಬ ಹೆದರಿಕೆ, ಅಪ್ಪನಿಗೆ ಮಗ ನೋಡಿಯಾನು ಎಂದು. ಪಕ್ಕದಲ್ಲಿ ಪೊಲೀಸು ಬೇರೆ. ಎಲ್ಲರೂ ಫ್ಯಾನು ತಿರುಗುವುದನ್ನು ನೋಡುತ್ತ ಕೂತರು.

ಕೊನೆಗೆ ಕಂಬದ ಪಕ್ಕದಿಂದ ಒಂದು ಕೈ ಎದ್ದಿತು. ಬಾಯರಿಯವರದ್ದು.

ಠಾಣಾಧಿಕಾರಿಗೆ ಕುತೂಹಲವಾಗಿ, ನೀವು ಕುಡಿಯುತ್ತೀರಾ ಎಂದು ಕೇಳಿದರು. ಇಲ್ಲ, ಒಂದು ಹನಿಯೂ ಕುಡಿದವನಲ್ಲ ಎಂದರು ಇವರು. ಹಾಗಾದರೆ ಅದು ಒಳ್ಳೆಯದು ಅಂತ ಹೇಗೆ ಗೊತ್ತು? ಒಳ್ಳೆಯದೋ ಕೆಟ್ಟದ್ದೋ ತನಗೆ ಗೊತ್ತಿಲ್ಲ, ಕುಡಿಯುವವರು ಗೊತ್ತು, ಎಂದರು ಬಾಯರಿ. ಸಭೆಗೆ ಸಭೆಯೇ ನಕ್ಕಿತು. ಇಡೀ ಓಣಿಯಲ್ಲಿ ಬೇಕು ಅನ್ನುವವರು ಒಬ್ಬರು, ಅವರೂ ಕುಡಿಯದವರು, ಎಂದು ಕೌನ್ಸಿಲರ್ ಸಹ ನಗುತ್ತ ಸಭೆ ಮುಗಿಸಲು ಎದ್ದರು.

ಬಾಯರಿಯವರ ಕಿವಿ ಕೆಂಪಾಗಿತ್ತು. ನನ್ನ ಪಕ್ಕಕ್ಕೆ ಬಂದು ನಿಂತು ತಮ್ಮಷ್ಟಕ್ಕೇ ಗೊಣಗಿದರು. "ಹೀಗೆ ಕೇಳಿದ್ರೆ ಹೋಳಿಗೆ ಸಹ ಯಾರೂ ಬೇಕು ಅನ್ನುದಿಲ್ಲ ಮಾರಾಯ್ರೆ. ಪಂಕ್ತಿಯಲ್ಲಿ ಬೇಕು ಅಂತ ಕೇಳ್ಲಿಕ್ಕೆ ಯಾರಿಗಾದ್ರೂ ಬಾಯಿ ಬರ್ತದಾ? ಬೇಡ ಅನ್ನುವವ ಎಲೆಗೆ ಕೈ ಅಡ್ಡ ಹಿಡೀಬೇಕು. ಹಿಡೀದಿದ್ರೆ ಬಡಿಸಿಕೊಂಡು ಹೋಗುದು."

ಅವರು ಹೇಳಿದ್ದು ಅಷ್ಟೇ, ಅದೂ ನನಗೆ ಮಾತ್ರ. ಆದರೆ ನನ್ನ ಸಿಟ್ಟು ಅಷ್ಟರಲ್ಲಿ ನೆತ್ತಿಗೇರಿತ್ತು. ಎದ್ದು ನಿಂತು ಬಂಗಾಳಿಯಲ್ಲಿ ಕೌನ್ಸಿಲರನ್ನು ತಡೆದೆ. ನಮ್ಮ ಕಡೆಯ ಊಟದ ಪಂಕ್ತಿಯ ರೀತಿ ಹೇಳಿದೆ. ಬೇಕಾದವರನ್ನು ಕೇಳಿದ್ದಾಯಿತು, ಬೇಡವಾದವರನ್ನೂ ಒಮ್ಮೆ ಕೇಳಿ ಎಂದೆ. ಅವರು ಠಾಣಾಧಿಕಾರಿಯ ಮುಖ ನೋಡಿದರು, ಆತ ಹೆಗಲು ಕುಣಿಸಿದ.

"ಸರಿ, ಬೇಡ ಅನ್ನುವವರು ಕೈ ಎತ್ತಿ."

ಮತ್ತೆ ಎಲ್ಲರೂ ಫ್ಯಾನು ನೋಡಿದರು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಮಡಿಲಲ್ಲಿದ್ದ ತನ್ನ ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನನಗೆ ಕುಣಿಯುವಷ್ಟು ಖುಷಿಯಾಯಿತು. ಅದೇ ಜನ, ಅದೇ ಸಭೆ, ಪ್ರಶ್ನೆಯನ್ನು ಮಗುಚಿ ಹಾಕಿದ ಕೂಡಲೇ ಉತ್ತರವೂ ಮಗುಚಿಕೊಂಡಿತ್ತು.

ಅಷ್ಟರಲ್ಲಿ ಬಾಗಿಲ ಕಡೆಯಿಂದ ಒಂದು ಒಣಕಲು ಕೈ ಮೆಲ್ಲಗೆ ಮೇಲೆದ್ದಿತು. ನಿಬಾರಣ್ ಬಾಬು.

ಮಗಳು ಬಗ್ಗಿ ಏನೋ ಕೇಳಿದಳು, ಅವರು ತಲೆಯಾಡಿಸಿ ಕೈಯನ್ನು ಹಾಗೇ ಎತ್ತಿ ಹಿಡಿದರು. ನಾನು ಬಾಯರಿಯವರ ಕಡೆ ನೋಡಿದೆ. ಅವರು ಸ್ನೇಹಿತನನ್ನು ನೋಡುತ್ತಿದ್ದರು, ಆದರೆ ಆ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

ಒಬ್ಬರ ವಿರೋಧ ಎಂದು ಲೆಕ್ಕ ಹಾಕಿ ಕೌನ್ಸಿಲರ್ ಒಪ್ಪಿಗೆ ಕೊಟ್ಟರು. ಬೇಡ ಅಂದವರನ್ನು ಏನು ಮಾಡುವುದು ಎಂದು ಠಾಣಾಧಿಕಾರಿ ಕೇಳಿದಾಗ ಈ ಸಲ ಬಾಯರಿಯವರೇ ಉತ್ತರ ಕೊಟ್ಟರು. ಪಂಕ್ತಿಯಲ್ಲಿ ಕೈ ಅಡ್ಡ ಹಿಡಿದವನ ಎಲೆಗೆ ಬಡಿಸುವುದಿಲ್ಲ, ಪಕ್ಕದ ಎಲೆಗೆ ಬಡಿಸುತ್ತೇವೆ. ಸೊಪ್ಪು ಹಾಕದ ಶರಬತ್ತು ಒಂದು ಪಾತ್ರೆ ಬೇರೆಯೇ ಮಾಡುತ್ತೇನೆ ಎಂದರು.

ಹೊರಗೆ ಬಂದ ಮೇಲೆ ನನಗೂ ದೀಕ್ಷಾಗೂ ಜಗಳವಾಯಿತು. ಕೈ ಎತ್ತದೆ ಇರುವುದನ್ನೇ ಒಪ್ಪಿಗೆ ಅನ್ನುವುದು ಸರಿಯಲ್ಲ, ನಾಳೆ ಇದೇ ಉಪಾಯದಿಂದ ಸರ್ಕಾರ ಏನು ಬೇಕಾದರೂ ಮಾಡಿಕೊಳ್ಳಬಹುದು ಎಂದಳು. ಮಾತು ಖರೆ. ನನ್ನ ವಿದ್ಯಾರ್ಥಿನಿಯಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಆದರೆ ಅವಳ ಸಹಿ ಸಂಗ್ರಹದ ಗತಿಯೂ ಇದೇ ಅಲ್ಲವೇ ಎಂದು ಕೇಳಿದೆ. ಹೆಸರು, ವಿಳಾಸ ಬರೆದು ಗಾಂಜಾ ಕಾನೂನು ಸಡಿಲಾಗಲಿ ಎಂದು ಸಹಿ ಹಾಕುವ ಧೈರ್ಯ ಯಾರಿಗಿದೆ? ದಿಲ್ಲಿಯಲ್ಲಿ ಕೂತವರಿಗೆ ಕಿವಿಯಿಲ್ಲ ಎಂದು ನಾವು ದೂರುತ್ತೇವೆ, ಅವರು ಕಿವಿ ಕೊಟ್ಟ ದಿನ ನಾವು ಫ್ಯಾನು ನೋಡುತ್ತ ಕೂರುತ್ತೇವೆ. ಆಂಟಿ ನೀವು ಸಹಿ ಹಾಕಿದ್ದೀರಾ ಎಂದು ಅವಳು ಕೇಳಿದಳು. ನನಗೆ ಬಸ್ಸಿಗೆ ಹೊತ್ತಾಗಿತ್ತು.

ನಿಬಾರಣ್ ಬಾಬು ಮೇಲಿನ ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಯಾರಿಗೋಸ್ಕರ ಈ ಮನುಷ್ಯ ಊರವರ ಎದುರು ನಗೆಪಾಟಲಾದನೋ ಅವರೇ ಕೈ ಎತ್ತುವುದೇ? ಆಮೇಲೆ ಅವರು ಹೋಟೆಲಿಗೆ ಬರುವುದನ್ನೂ ನಿಲ್ಲಿಸಿದರು. ಬಾಯರಿ ಬೆಳಿಗ್ಗೆ ಒಲೆಯ ಬಳಿ ಒಬ್ಬರೇ ನಿಂತು, ಬಾಗಿಲ ಕಡೆ ಒಮ್ಮೆ ನೋಡಿ, ಅಂದಾಜಿನಲ್ಲೇ ಬೆಂಕಿ ಸಣ್ಣ ಮಾಡುತ್ತಿದ್ದರು. ಆ ದಿನಗಳಲ್ಲಿ ಸಾಂಬಾರಿಗೆ ಉಪ್ಪು ಸರಿಯಾಗಿರುತ್ತಿತ್ತು. ನಾನು ಅದನ್ನು ಆಗ ಗಮನಿಸಲೇ ಇಲ್ಲ.

ಒಂದು ದಿನ ತಡೆಯಲಾರದೆ, "ಎಷ್ಟು ಮಾಡಿದರೂ ಉಪಕಾರ ಸ್ಮರಣೆ ಇಲ್ಲ ನೋಡ್ರಿ ಆ ಮನುಷ್ಯಾಗ" ಎಂದೆ. ಬಾಯರಿಯವರ ಮುಖ ಸಣ್ಣದಾಯಿತು.

"ಹಾಗೆ ಹೇಳ್ಬೇಡಿ ಟೀಚ್ರೇ. ಅವರ ಎಲೆ, ಅವರ ಕೈ. ಅದರಲ್ಲಿ ಸಿಟ್ಟು ಮಾಡ್ಲಿಕ್ಕೆ ಎಂತ ಉಂಟು?"

ದಶಮಿ ಬಂತು. ದೀಕ್ಷಾ ಪರವಾನಗಿ ಅಂಗಡಿಯಿಂದ ಸೊಪ್ಪು ತಂದುಕೊಟ್ಟಳು. ಬಾಯರಿ ಬೆಳಿಗ್ಗೆಯೇ ಸ್ನಾನ ಮಾಡಿ ಕಲ್ಲಿನ ಮುಂದೆ ಕೂತರು. ಡೋಲು ಬಡಿಯುತ್ತ ದೇವಿಯ ಲಾರಿ ಹೊಳೆಯ ಕಡೆ ಹೋಯಿತು. ಸಂಜೆ ಎಲ್ಲರೂ ತೊಯ್ದ ಬಟ್ಟೆಯಲ್ಲಿ ಮರಳಿ ಬಂದು, ಖಾಲಿ ಪೆಂಡಾಲಿನ ಎದುರು ತಬ್ಬಿಕೊಂಡರು. ಹಣತೆಯೊಂದು ದೇವಿಯಿದ್ದ ಜಾಗದಲ್ಲಿ ಉರಿಯುತ್ತಿತ್ತು. ಎರಡು ಸ್ಟೀಲು ಪಾತ್ರೆಗಳನ್ನು ಮೇಜಿನ ಮೇಲಿಟ್ಟು ಬಾಯರಿ ಸೌಟು ಹಿಡಿದು ನಿಂತಿದ್ದರು. ಜನ ಲೋಟ ಹಿಡಿದು ಬಂದರು, ಆದರೆ ಅವರು ಯಾರಿಗೂ ಹಾಕಲಿಲ್ಲ. ಒಂದು ನಿಮಿಷ, ಎಂದು ಹೇಳಿ, ಒಂದು ಚೊಂಬಿನಲ್ಲಿ ಸಿದ್ಧಿ ತೆಗೆದುಕೊಂಡು, ಒಂದು ಲೋಟ, ಒಂದು ಚಮಚ ಹಿಡಿದು ಮರದ ಕೆಳಗೆ ಗಾಲಿಕುರ್ಚಿಯಲ್ಲಿ ಕೂತಿದ್ದ ನಿಬಾರಣ್ ಬಾಬು ಬಳಿ ಹೋದರು. ಮಗಳು ಬಲವಂತದಿಂದ ಕರೆತಂದಿದ್ದಳು. ಇವರೇನು ಮಾಡುತ್ತಾರೋ ಎಂದು ನಾನೂ ಹಿಂದೆಯೇ ಹೋದೆ.

ಲೋಟವನ್ನು ಕುರ್ಚಿಯ ಕೈ ಮೇಲಿಟ್ಟದ್ದೇ ನಿಬಾರಣ್ ಬಾಬು ಅದರ ಮೇಲೆ ಅಂಗೈ ಮುಚ್ಚಿದರು. ಬಾಯರಿ ಅವರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು.

"ನನಗೆ ಏನೂ ತಿಳಿಯೋದಿಲ್ಲ, ತ್ರಿಬಿಕ್ರಮ್" ಎಂದರು ನಿಬಾರಣ್ ಬಾಬು. ಮಾತು ತೊದಲುತ್ತಿತ್ತು. "ಕರೆಂಟು ಕೊಟ್ಟ ಮೇಲೆ ನಾಲಿಗೆ ಸತ್ತು ಹೋಗಿದೆ. ಉಪ್ಪೂ ಅಷ್ಟೇ, ಸಕ್ಕರೆಯೂ ಅಷ್ಟೇ. ಎರಡು ವರ್ಷ ನಿನಗೆ ಸುಳ್ಳು ಹೇಳಿದೆ. ಈ ಹಬ್ಬದ ದಿನ ಹೇಳಲಾರೆ. ಸಿದ್ಧಿಯೇ ನಿಂತು ಹೋಗಿದ್ದರೆ ನೀನು ಚಮಚ ಹಿಡಿದು ಬರುತ್ತಿರಲಿಲ್ಲ, ಅದಕ್ಕೇ ಕೈ ಎತ್ತಿದೆ."

ನನ್ನ ಬಾಯಲ್ಲಿ ಎರಡು ವರ್ಷದ ಉಪ್ಪು ಒಮ್ಮೆಗೇ ಬಂದಂತಾಯಿತು. ನಾನು ಬೈದ ಸಾಂಬಾರುಗಳೆಲ್ಲ ನೆನಪಾದವು.

"ನನಗೆ ಗೊತ್ತಿತ್ತು" ಎಂದರು ಬಾಯರಿ ತಮ್ಮ ಮುರುಕು ಬಂಗಾಳಿಯಲ್ಲಿ. "ಒಂದು ದಿನ ಮರೆತು ಎರಡು ಸಲ ಉಪ್ಪು ಹಾಕಿದ್ದೆ. ಆವತ್ತೂ ನೀವು ಹೊಯೆಛೆ ಅಂದಿರಿ. ಮಧ್ಯಾಹ್ನ ಉಣ್ಣುವಾಗ ಗೊತ್ತಾಯಿತು. ಆಮೇಲೂ ನೀವು ಬೆರಳು ಕುಣಿಸಿದರೆ ಉಪ್ಪು ಹಾಕಿದೆ, ಇಲ್ಲದಿದ್ದರೆ ಬಿಟ್ಟೆ."

"ಮತ್ತೆ ದಿನಾ ಯಾಕೆ ಕೇಳುತ್ತಿದ್ದೆ?"

"ನೀವು ಹೇಳದೆ ನನಗೆ ಒಲೆ ಆರಿಸಲು ಕೈ ಬರುವುದಿಲ್ಲ."

ಅತ್ತ ಲೋಟ ಹಿಡಿದು ನಿಂತವರು ಗಲಾಟೆ ಮಾಡುತ್ತಿದ್ದರು.

ಆಮೇಲೆ ಬಾಯರಿ ಚಮಚವನ್ನು ಚೊಂಬಿನಲ್ಲಿ ಅದ್ದಿದರು. ತೆಗೆದು, ಒಮ್ಮೆ ನೋಡಿ, ತಮ್ಮ ಬಾಯಿಗೇ ಹಾಕಿಕೊಂಡರು. ಇಷ್ಟು ವರ್ಷ ಬೇಯಿಸಿದ ಯಾವುದನ್ನೂ ಬಡಿಸುವ ಮೊದಲು ಮುಟ್ಟಿ ನೋಡದ ನಾಲಿಗೆ. ನಿಬಾರಣ್ ಬಾಬು ಅವರನ್ನೇ ಕಣ್ಣು ಬಿಟ್ಟು ನೋಡಿದರು.

"ಮೊದಲು ಸೋಂಪು ಬರುತ್ತದೆ" ಎಂದರು ಬಾಯರಿ, ನಿಧಾನವಾಗಿ, ಒಂದೊಂದೇ ಶಬ್ದ ಹುಡುಕುತ್ತ. "ಆಮೇಲೆ ಹಾಲು, ಬಾದಾಮಿ. ಗಂಟಲ ಹತ್ತಿರ ಮೆಣಸು ಸ್ವಲ್ಪ ಚುರುಕು. ಕೊನೆಗೆ ಸೊಪ್ಪಿನ ಕಹಿ, ಹಾಗಲಕಾಯಿಯಷ್ಟಲ್ಲ, ಮೆಂತ್ಯದಷ್ಟು. ಸಕ್ಕರೆ ಇನ್ನೂ ಒಂದು ಹಿಡಿ ಬೇಕಿತ್ತು."

"ಸಕ್ಕರೆ ಯಾವಾಗಲೂ ಒಂದು ಹಿಡಿ ಕಡಿಮೆಯೇ" ಎಂದರು ನಿಬಾರಣ್ ಬಾಬು. "ಮೊದಲ ವರ್ಷದಿಂದಲೂ."

"ಹೇಳಲಿಲ್ಲ ಯಾಕೆ?"

ನಿಬಾರಣ್ ಬಾಬು ಅವರ ಹಲ್ಲಿಲ್ಲದ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿ ನಕ್ಕಿತು. ಕಣ್ಣು ಮುಚ್ಚಿ, ಈಗ ಕೇಳಿದ್ದನ್ನೆಲ್ಲ ಒಂದೊಂದಾಗಿ ನೆನೆಯುವ ಹಾಗೆ ಸ್ವಲ್ಪ ಹೊತ್ತು ಕೂತರು.

"ಹೊಯೆಛೆ" ಎಂದರು. ಲೋಟದ ಮೇಲಿದ್ದ ಕೈ ತೆಗೆದರು.